ಶಾಲೆ, ಮನೆ, ಗ್ರಂಥಾಲಯ ಒಂದೇ ಸೈಟಿನಲ್ಲಿ: ನಾನು ಪ್ಲಾನ್ ಮಾಡಿದ ಬಗೆ

ಹೊಸ ಬಡಾವಣೆಯಲ್ಲಿ ಒಂದು ಶಾಲೆ, ಪಕ್ಕದಲ್ಲೇ ಮನೆಗಳು, ಜೊತೆಗೆ ಗ್ರಂಥಾಲಯ, ಸಭಾಂಗಣ. ಇಷ್ಟನ್ನೂ ಒಂದೇ ಸೈಟಿನಲ್ಲಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ, ‘ಸೋಲಾರ್ ಎಷ್ಟು ಹಾಕ್ತೀರಿ?’ ಹಾಕೋಣ, ಬೇಡ ಅಂದವರು ಯಾರು? ಆದರೆ ನಾನು ಮೊದಲು ಬರೆದದ್ದು ವೇಳಾಪಟ್ಟಿ. ದೊಡ್ಡ ಹಾಳೆಯಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಗೆರೆ ಎಳೆದು, ಯಾವ ಜಾಗವನ್ನು ಯಾವ ಹೊತ್ತಿನಲ್ಲಿ ಯಾರು ಬಳಸುತ್ತಾರೆ ಅಂತ ತುಂಬುತ್ತಾ ಹೋದೆ. ಶಾಲೆಯ ಸಭಾಂಗಣ ಸಂಜೆ ಖಾಲಿ, ಸುತ್ತಲಿನ ಜನಕ್ಕೆ ಹಾಲ್ ಬೇಕಾಗುವುದೂ ಸಂಜೆಯೇ. ಮತ್ತೆ ಎರಡು ಹಾಲ್ ಯಾಕೆ? ಒಂದನ್ನು ಕೈಬಿಟ್ಟರೆ ಅದರ ಸಿಮೆಂಟು, ಕಬ್ಬಿಣವಷ್ಟೇ ಅಲ್ಲ, ಮುಂದೆ ವರ್ಷಾನುಗಟ್ಟಲೆ ಅದರ ಕರೆಂಟು, ಸುಣ್ಣಬಣ್ಣ, ರಿಪೇರಿ ಎಲ್ಲ ಉಳಿಯಿತು.

ಇದೇನೂ ಹೊಸ ಯೋಚನೆಯಲ್ಲ. ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲೇ ಶಾಲೆಯನ್ನು ನಡುವೆ ಇಟ್ಟು, ದೊಡ್ಡ ರಸ್ತೆಗಳನ್ನು ಅಂಚಿಗೆ ತಳ್ಳಿ, ಮನೆಗಳನ್ನು ಸುಮಾರು ಕಾಲು ಮೈಲಿ ಅಂದರೆ 400 ಮೀಟರ್ ಒಳಗೆ ತರಬೇಕು ಎಂದಿದ್ದರು. ಇಂಗ್ಲೆಂಡಿನ ಸಾಸ್ಟನ್‌ನಲ್ಲಿ 1930ರಲ್ಲಿ ಶುರುವಾದ ವಿಲೇಜ್ ಕಾಲೇಜು ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಆದರೆ ಈ 400 ಮೀಟರನ್ನು ನಕ್ಷೆಯ ಮೇಲೆ ಕೈವಾರ ಇಟ್ಟು ಅಳೆದರೆ ಪ್ರಯೋಜನವಿಲ್ಲ, ಮಗು ನಡೆಯುವ ದಾರಿಯಲ್ಲೇ ಅಳೆಯಬೇಕು. ಕಾಂಪೌಂಡಿಗೆ ಒಂದೇ ಗೇಟು ಇದ್ದರೆ ಹಿಂದಿನ ಸಾಲಿನ ಮನೆಯವರು ಸುತ್ತು ಹಾಕಬೇಕು, ಸುತ್ತು ಜಾಸ್ತಿಯಾದರೆ ಸ್ಕೂಟರ್ ಹೊರಗೆ ಬರುತ್ತದೆ. ಹಾಗಾಗಿ ಹಿಂದೊಂದು ಗೇಟು ಬೇಕೇ ಬೇಕು ಅಂತ ಹಟ ಹಿಡಿದೆ.

ಹಂಚಿಕೊಂಡು ಬಳಸುವ ಮಾತು ಕೇಳಲು ಚೆಂದ, ಜಗಳ ಇರುವುದು ಬಾಗಿಲಿನಲ್ಲಿ. ಮಕ್ಕಳು ಒಳಗಿರುವಾಗ ಹೊರಗಿನವರು ಓಡಾಡಬಾರದು, ಸಂಜೆ ಬಂದವರು ತರಗತಿಗಳ ಕಡೆ ಹೋಗಬಾರದು. ಅದಕ್ಕೆ ಹಾಲ್, ಗ್ರಂಥಾಲಯ ಎರಡನ್ನೂ ರಸ್ತೆ ಬದಿಗೆ ತಂದು, ತರಗತಿಗಳನ್ನು ಹಿಂದಕ್ಕಿಟ್ಟು, ನಡುವೆ ಒಂದೇ ಒಂದು ಬಾಗಿಲು ಕೊಟ್ಟೆ. ಸಂಜೆ ಅದೊಂದಕ್ಕೆ ಬೀಗ ಹಾಕಿದರೆ ಸಾಕು. ಶೌಚಾಲಯ ಇದರ ಯಾವ ಕಡೆ ಬರಬೇಕು ಅನ್ನುವುದೇ ದೊಡ್ಡ ತಲೆನೋವು. ಒಳಗಡೆ ಇಟ್ಟರೆ ಬೀಗ ಹಾಕಿದ ಮೇಲೆ ಸಂಜೆಯವರಿಗೆ ಸಿಗುವುದಿಲ್ಲ, ಹೊರಗಡೆ ಇಟ್ಟರೆ ಹಗಲು ಮಕ್ಕಳು ಅಪರಿಚಿತರ ಜೊತೆ ಹೋಗಬೇಕಾಗುತ್ತದೆ. ಕೊನೆಗೆ ಹಾಲ್‌ಗೇ ಬೇರೆ ಶೌಚಾಲಯ ಕೊಟ್ಟೆವು. ಕರೆಂಟಿಗೂ ಹಾಗೇ, ಹಾಲ್ ಕಡೆಗೆ ಬೇರೆ ಸ್ವಿಚ್‌ಬೋರ್ಡು, ಬೇರೆ ಮೀಟರ್. ಇಲ್ಲದಿದ್ದರೆ ಹತ್ತು ಜನರ ಸಭೆಗೆ ಇಡೀ ಶಾಲೆಯ ದೀಪ ಉರಿಯುತ್ತದೆ, ಬಿಲ್ಲು ಯಾರ ತಲೆಗೆ ಅನ್ನುವುದು ಆಮೇಲಿನ ರಗಳೆ. ಇನ್ನೊಂದು, ಎಲ್ಲರೂ ಮರೆಯುವಂಥದ್ದು: ಬೀಗ ಹಾಕುವ ಬೀರು. ಶಾಲೆಯ ಸಾಮಾನು, ಸಂಜೆ ಬರುವವರ ಸಾಮಾನು ಬೇರೆ ಬೇರೆ ಇಡಲು ಜಾಗವಿಲ್ಲದಿದ್ದರೆ ಹಂಚಿಕೆ ಸುಮ್ನೆ ಮಾತಿಗಷ್ಟೇ.

ಮನೆಗಳ ವಿಷಯದಲ್ಲಿ ದೊಡ್ಡ ತಕರಾರು ಶಾಲೆಯ ಮೈದಾನದ ಸದ್ದು. ಅದಕ್ಕೆ ಮೈದಾನದ ಕಡೆಗೆ ಮೆಟ್ಟಿಲು, ಅಡುಗೆಮನೆ, ನಡುಪಡಸಾಲೆ, ಆಚೆ ಬದಿಗೆ ಮಲಗುವ ಕೋಣೆ ಇಟ್ಟೆವು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರೂ ಇರುತ್ತಾರೆ, ಅಲ್ವಾ?

ಮಕ್ಕಳ ಸಂಖ್ಯೆಯ ಲೆಕ್ಕ ಇನ್ನೂ ಕಷ್ಟ. ಹೊಸ ಬಡಾವಣೆಗೆ ಬರುವವರು ಬಹುಪಾಲು ಎಳೆಯ ಸಂಸಾರಗಳು. ಒಂದಷ್ಟು ವರ್ಷ ತರಗತಿಗಳು ತುಂಬಿ ತುಳುಕುತ್ತವೆ, ಆಮೇಲೆ ಆ ಮಕ್ಕಳೆಲ್ಲ ಒಟ್ಟಿಗೇ ದೊಡ್ಡವರಾಗಿ ಸಂಖ್ಯೆ ಇಳಿಯುತ್ತದೆ. ಏರಿಕೆಯನ್ನೇ ನಂಬಿ ಕಟ್ಟಿದರೆ ಮುಂದೆ ಖಾಲಿ ಕೋಣೆಗಳು. ಅದಕ್ಕೆ ಒಂದು ಬದಿಯ ತರಗತಿಗಳ ಭಾರವನ್ನೆಲ್ಲ ಕಂಬಗಳ ಮೇಲೆ ಹೊರಿಸಿ, ನಡುಗೋಡೆಗಳನ್ನು ಬೇಕಾದಾಗ ತೆಗೆಯುವಂತೆ ಮಾಡಿ, ನೀರಿನ ಪೈಪು, ಡ್ರೇನೇಜ್ ಪೈಪು ಮೊದಲೇ ಎಳೆದಿಟ್ಟೆವು. ನಾಳೆ ಅದು ಕ್ಲಿನಿಕ್ ಆಗಬಹುದು, ಮನೆಯೂ ಆಗಬಹುದು. ಮೊದಲ ಮನೆಗಳ ಜೊತೆಗೇ ನಾಲ್ಕಾರು ತರಗತಿ ತೆರೆಯಿರಿ ಅಂತಲೂ ಪಟ್ಟು ಹಿಡಿದೆ. ತಡವಾದರೆ ಜನ ಮಕ್ಕಳನ್ನು ದೂರದ ಶಾಲೆಗೆ ಕಾರಿನಲ್ಲಿ ಬಿಡುವುದಕ್ಕೆ ಒಗ್ಗಿಹೋಗುತ್ತಾರೆ.

ತರಗತಿಗಳ ಉದ್ದದ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖ ಮಾಡಿವೆ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರ ಬೆಳಕು ಒಳಗೆ ಬರುತ್ತದೆ, ಆ ಲೆಕ್ಕದಲ್ಲೇ ಕಿಟಕಿ ಎತ್ತರಿಸಿದೆವು. ಸೋಲಾರ್ ಸೂರಿನ ಮೇಲಿದೆ.

ಪಾಯ ತೋಡುವ ಮೊದಲೇ ಮುಖ್ಯೋಪಾಧ್ಯಾಯರು, ನಿವಾಸಿಗಳು, ನಿರ್ವಹಣೆಯವರನ್ನು ಕೂರಿಸಿ ಒಂದು ಪುಟದ ಒಪ್ಪಂದ ಬರೆಸಿದೆ: ಬೀಗದ ಕೈ ಯಾರ ಹತ್ತಿರ, ಮುರಿದ ಕುರ್ಚಿಗೆ ದುಡ್ಡು ಯಾರದ್ದು, ರಜೆಯಲ್ಲಿ ಮೈದಾನ ಯಾರಿಗೆ. ಉಳಿದದ್ದಕ್ಕೆಲ್ಲ ಬೇಗ ಸಹಿ ಬಿತ್ತು. ಕುರ್ಚಿಯ ಸಾಲಿಗೆ ಮಾತ್ರ ಎರಡನೇ ಸಭೆ ಕರೆಯಬೇಕಾಯಿತು.