ಹೊಲಿಗೆ ಮೇಜಿನ ಮೇಲೆ ಇಂಕ್ ಪೆನ್ನಿನ ರಿಪೇರಿ

ಇಂಕ್ ಪೆನ್ನು ರಿಪೇರಿಗೆ ಮನೆಯಲ್ಲೇ ಒಂದು ಮೇಜು ಮಾಡಿಕೊಳ್ಳಬೇಕು ಅನ್ನುವವರು ಮೊದಲು ಕೇಳುವುದು ಏನೇನು ಸಾಮಾನು ಕೊಳ್ಳಬೇಕು ಅಂತ. ನಾನು ಮೊದಲು ಕೇಳುವುದು ನೀರು ಎಲ್ಲಿ, ಬಿಸಿ ಎಲ್ಲಿ, ಬೆಳಕು ಎಲ್ಲಿ ಅಂತ. ಈ ಮೂರು ಕೆಲಸ ಒಂದರ ಮೇಲೊಂದು ಬೀಳದಂತೆ ನೋಡಿಕೊಂಡರೆ ಅರ್ಧ ರಿಪೇರಿ ಆದ ಹಾಗೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಇದನ್ನು ಹೊಂದಿಸಿಕೊಂಡ ಬಗೆ ಹೇಳುತ್ತೇನೆ.

ಮೇಜು ಅಮ್ಮನ ಹೊಲಿಗೆ ಮೆಷಿನ್ನಿನದು. ಮೆಷಿನ್ನು ಕೆಳಗೆ ಮಡಚಿದರೆ ಮೇಲೆ ಸಮತಟ್ಟಾದ ಹಲಗೆ ಸಿಗುತ್ತದೆ, ಪಕ್ಕದಲ್ಲಿ ಪುಟ್ಟ ಡ್ರಾಯರ್ ಇದೆ. ಕಿಟಕಿ ಎಡಗಡೆಗೆ ಬರುವಂತೆ ಇಟ್ಟಿದ್ದೇನೆ. ಬಲಗೈಯ ನೆರಳು ಕೆಲಸದ ಮೇಲೆ ಬೀಳಬಾರದು, ಅಲ್ವಾ? ಮಳೆಗಾಲದಲ್ಲಿ ಹಗಲೇ ಕತ್ತಲೆಯಾಗುತ್ತದೆ, ಅದಕ್ಕೊಂದು ಕತ್ತು ಬಗ್ಗುವ ಎಲ್‌ಇಡಿ ದೀಪ. ಹಲಗೆಯ ಮೇಲೆ ಅಂಚು ಎತ್ತರದ ಸ್ಟೀಲ್ ಹರಿವಾಣ, ಅದರೊಳಗೆ ಬಿಳಿ ಬಟ್ಟೆ. ಬಿಚ್ಚುವುದು, ಜೋಡಿಸುವುದು ಎಲ್ಲ ಹರಿವಾಣದೊಳಗೇ. ನಿಬ್ಬು ಒಮ್ಮೆ ನೆಲಕ್ಕೆ ತುದಿ ತಾಗಿ ಬಿದ್ದರೆ ಮುಗಿಯಿತು.

ನೀರಿನ ಕೆಲಸ ಬಾಲ್ಕನಿಯಲ್ಲಿ. ಒಂದು ಬಕೆಟ್, ಎರಡು ಲೋಟ, ಚಹಾ ಸೋಸುವ ಜಾಲರಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಕಿವಿ ತೊಳೆಯುವ ರಬ್ಬರ್ ಬಲ್ಬ್. ಬಲ್ಬಿನ ಮೂತಿಯನ್ನು ಪೆನ್ನಿನ ಕತ್ತಿನ, ಅಂದರೆ ಬರೆಯುವಾಗ ಬೆರಳು ಹಿಡಿಯುವ ಭಾಗದ, ಹಿಂದೆ ಒತ್ತಿ ನೀರು ದೂಡಿದರೆ, ನಿಬ್ಬಿನ ಕೆಳಗಿದ್ದು ಅದಕ್ಕೆ ಶಾಯಿ ಹರಿಸುವ ಫೀಡಿನಲ್ಲಿ ವರ್ಷಗಟ್ಟಲೆ ಒಣಗಿ ಕೂತ ಶಾಯಿ ಬಿಟ್ಟುಕೊಳ್ಳುತ್ತದೆ. ಹಟ ಹಿಡಿದರೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ ಬೆರೆಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ಅಲ್ಯುಮಿನಿಯಂ, ಹಿತ್ತಾಳೆ ಭಾಗಗಳನ್ನು ಅದರಲ್ಲಿ ಇಡುವುದಿಲ್ಲ. ಕೊನೆಯ ನೀರು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಣಗಿದ ಮೇಲೆ ಕಲೆ ಉಳಿಯದಿರಲಿ ಅಂತ.

ಆದರೆ ನೀರಿಗೆ ಇಳಿಸುವ ಮುಂಚೆ ಪೆನ್ನು ಯಾವುದರಿಂದ ಮಾಡಿದ್ದು ಅಂತ ಗೊತ್ತಾಗಬೇಕು. ಮೂಗೇ ಒಳ್ಳೆಯ ಉಪಕರಣ. ಬೆರಳಿನಿಂದ ಜೋರಾಗಿ ಉಜ್ಜಿದಾಗ ಗಂಧಕದ ವಾಸನೆ ಬಂದರೆ ಎಬೊನೈಟ್, ಅಂದರೆ ಗಟ್ಟಿ ರಬ್ಬರು; ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಪ್ಲಾಸ್ಟಿಕ್. ಎಬೊನೈಟನ್ನು ಬಿಸಿನೀರಿಗೆ ಹಾಕಿದರೆ, ಬಿಸಿಲಿಗೆ ಇಟ್ಟರೆ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೇಸೀನ್ ಅಂದರೆ ಹಾಲಿನಿಂದ ತೆಗೆದ ಪದಾರ್ಥ. ಅದರಿಂದ ಮಾಡಿದ ಹಳೆಯ ಇಂಗ್ಲಿಷ್ ಪೆನ್ನುಗಳೂ ಸಿಗುತ್ತವೆ. ನೀರಿನಲ್ಲಿ ಬಿಟ್ಟರೆ ಉಬ್ಬಿಹೋಗುತ್ತವೆ. ಅವಕ್ಕೆ ಒದ್ದೆ ಬಟ್ಟೆ ಸಾಕು.

ನನ್ನ ಕೈಗೆ ಬರುವ ಹೆಚ್ಚಿನ ಪೆನ್ನುಗಳಿಗೆ ಬೇಕಾದ್ದು ಬರೀ ತೊಳೆಯುವುದೇ. ನಮ್ಮ ಊರ ಕಡೆಯ ಮಾವ ಒಬ್ಬರು ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಮುಂಬೈ ಫೋರ್ಟಿನ ಕನ್ನಡ ಶಾಲೆಯಲ್ಲಿ ಓದಿದವರು. ಆಗಿನ ವಿಲ್ಸನ್ ಪೆನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, “ಇದು ಇನ್ನು ಬರೀತದಾ ಮಾರಾಯ?” ಎಂದರು. “ನೋಡುವ ಮಾವ, ನೀರಲ್ಲಿ ಇಟ್ಟು ಹೇಳ್ತೇನೆ” ಎಂದೆ. ಎರಡು ರಾತ್ರಿ ತಣ್ಣೀರು, ನಡುನಡುವೆ ಬಲ್ಬು, ತಿರುಗಿಸಿ ಕೂರಿಸುವ ಮರೆಯ ಸಂದಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್. ಅಷ್ಟೇ. ಈಗ ಅದರಲ್ಲೇ ಮಂಗಳೂರಿನ ತಂಗಿಗೆ ಕಾಗದ ಬರೆಯುತ್ತಾರೆ. ಗ್ರೀಸ್ ಸಿಲಿಕೋನಿನದೇ ಆಗಬೇಕು. ವ್ಯಾಸಲೀನಿನಂಥ ಪೆಟ್ರೋಲಿಯಂ ಪದಾರ್ಥಕ್ಕೆ ರಬ್ಬರು ಮೆತ್ತಗಾಗಿ ಹಾಳಾಗುತ್ತದೆ.

ಬಿಸಿಯ ಕೆಲಸಕ್ಕೆ ಹೆಚ್ಚು ಗಮನ ಬೇಕು, ಏಕೆಂದರೆ ಪೆನ್ನುಗಳು ಸಾಯುವುದೇ ಇಲ್ಲಿ. ಪಕ್ಕದಲ್ಲಿ ಶಾಯಿ ತುಂಬುವ ಲಿವರ್ ಇರುವ ಪೆನ್ನಿನೊಳಗೆ ಶಾಯಿ ಹಿಡಿಯುವ ರಬ್ಬರಿನ ಸಣ್ಣ ಚೀಲ ಇರುತ್ತದೆ, ಸ್ಯಾಕ್ ಅನ್ನುತ್ತೇವೆ. ವಯಸ್ಸಾದಂತೆ ಅದು ಕಲ್ಲಾಗುತ್ತದೆ, ಪುಡಿಯಾಗುತ್ತದೆ. ಬದಲಾಯಿಸಬೇಕಾದರೆ ಕತ್ತನ್ನು ಬ್ಯಾರಲ್ಲಿನಿಂದ, ಅಂದರೆ ಪೆನ್ನಿನ ಉದ್ದನೆಯ ಮೈಯಿಂದ, ಬಿಡಿಸಬೇಕು, ಅದು ಅರಗಿನಿಂದ ಅಂಟಿರುತ್ತದೆ. ಅರಗು ಸುಮಾರು 75 ಡಿಗ್ರಿಗೆ ಮೆತ್ತಗಾಗುತ್ತದೆ. ಸೆಲ್ಯುಲಾಯ್ಡ್ ಕೂಡ ಹೆಚ್ಚುಕಡಿಮೆ ಅದೇ ಬಿಸಿಗೆ ಬಾಗಲು ಶುರುಮಾಡುತ್ತದೆ, ಜೊತೆಗೆ ಬೆಂಕಿ ಅಂದರೆ ಹೊತ್ತಿಕೊಳ್ಳುವ ಸ್ವಭಾವ. ಎರಡರ ನಡುವೆ ಇರುವ ಅಂತರ ಬಹಳ ಸಣ್ಣದು.

ಹಾಗಾಗಿ ನನ್ನ ಮೇಜಿನ ಮೇಲೆ ಮೇಣದಬತ್ತಿಗೆ, ಲೈಟರಿಗೆ ಜಾಗವೇ ಇಲ್ಲ. ಕೂದಲು ಒಣಗಿಸುವ ಡ್ರೈಯರ್ ಇದೆ, ಅದೂ ಕಡಿಮೆ ಬಿಸಿಗೆ. ನಿಬ್ಬಿಗೆ ಬಟ್ಟೆ ಸುತ್ತಿ, ಒಂದು ಗೇಣು ದೂರದಿಂದ, ಪೆನ್ನು ತಿರುಗಿಸುತ್ತಾ ಬಿಸಿ ಕೊಡುತ್ತೇನೆ. ಆಗಾಗ ಬೆರಳಿಟ್ಟು ನೋಡುತ್ತೇನೆ. ಬೆರಳು ಹಿಡಿಯಲಾಗದಷ್ಟು ಸುಟ್ಟರೆ ನಿಲ್ಲಿಸಿಬಿಡುವುದು. ಆಮೇಲೆ ಸೈಕಲ್ ಟ್ಯೂಬ್ ತೊಡಿಸಿದ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಬರದಿದ್ದರೆ ಮತ್ತೆ ಬಿಸಿ, ಮತ್ತೆ ಪ್ರಯತ್ನ. ನಾಳೆಗೆ ಬಿಟ್ಟರೂ ಪರವಾಗಿಲ್ಲ. ಬಲ ಹಾಕಿದರೆ ಬ್ಯಾರಲ್ಲಿನ ಬಾಯಿ ಸೀಳುತ್ತದೆ, ಅದಕ್ಕೆ ಔಷಧಿ ಇಲ್ಲ.

ಹೊಸ ಸ್ಯಾಕಿನ ಅಳತೆ ಇಂಚಿನ 64ನೇ ಭಾಗಗಳಲ್ಲಿ ಇರುತ್ತದೆ. 16ನೇ ನಂಬರ್ ಅಂದರೆ ಕಾಲು ಇಂಚು ದಪ್ಪ. ಬ್ಯಾರಲ್ಲಿನೊಳಗೆ ಸಡಿಲವಾಗಿ ಇಳಿಯಬೇಕು, ಗೋಡೆಗೆ ಒತ್ತಿಕೊಳ್ಳಬಾರದು. ಕತ್ತಿನ ಹಿಂದಿನ ಕೊಳವೆಗೆ ಅರಗಿನ ದ್ರಾವಣ ಹಚ್ಚಿ, ಚೀಲ ತೊಡಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಬೆರೆಸದ ಟಾಲ್ಕ್ ಪುಡಿ ಸವರಿ ಒಳಗೆ ಇಳಿಸುವುದು. ಸೂಪರ್ ಗ್ಲೂ ದಯವಿಟ್ಟು ಬೇಡ. ಅರಗಾದರೆ ಮುಂದಿನ ಸಲ ಬಿಸಿಗೆ ಬಿಟ್ಟುಕೊಡುತ್ತದೆ. ನಮ್ಮ ನಂತರ ಇನ್ನೊಬ್ಬರು ಅದೇ ಪೆನ್ನು ಬಿಚ್ಚಬೇಕಾದೀತು, ಅವರ ಕೈ ಕಟ್ಟಿಹಾಕಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಗು ಸರಿಯಾಗಿ ಒಣಗುವುದಿಲ್ಲ. ಆಗ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ರಾತ್ರಿ ಇಡುತ್ತೇನೆ. ಸ್ಟೀಲ್ ನಿಬ್ಬುಗಳಿಗೂ ಅಂಥದ್ದೇ ಡಬ್ಬಿ, ಇಲ್ಲದಿದ್ದರೆ ತುಕ್ಕು. ಸೆಲ್ಯುಲಾಯ್ಡ್ ಪೆನ್ನಿಗೆ ಮಾತ್ರ ಗಾಳಿಯಾಡುವ ಜಾಗವೇ ಒಳ್ಳೆಯದು.

ಪಾರ್ಕರ್ 51 ಬಗ್ಗೆ ಎರಡು ಮಾತು. 1941ರಲ್ಲಿ ಮಾರುಕಟ್ಟೆಗೆ ಬಂದ ಈ ಪೆನ್ನಿನ ಮೈ ಲೂಸೈಟಿನದು, ಅಂದರೆ ಅಕ್ರಿಲಿಕ್. ಸ್ಪಿರಿಟ್ ತಾಗಿಸಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. 1948ರ ನಂತರ ಬಂದ, ಒತ್ತಿ ಶಾಯಿ ತುಂಬುವ ಮಾದರಿಯಲ್ಲಿ ಸ್ಯಾಕ್ ರಬ್ಬರಿನದಲ್ಲ, ಪ್ಲಾಸ್ಟಿಕ್ಕಿನದು. ಬಹುತೇಕ ಇಂದಿಗೂ ಚೆನ್ನಾಗಿಯೇ ಇರುತ್ತದೆ. ಸುಮ್ನೆ ಬಿಚ್ಚಬೇಡಿ, ತೊಳೆದು ನೋಡಿ.

ಕಣ್ಣಿನ ಕೆಲಸ ಅಂದರೆ ನಿಬ್ಬು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯನ್ನು ಝವೇರಿ ಬಜಾರಿನಲ್ಲಿ, ಅಕ್ಕಸಾಲಿಗರ ಸಾಮಾನು ಮಾರುವಲ್ಲಿ ಕೊಂಡೆ. ನಿಬ್ಬು ಕೊರೆಯುತ್ತದೆ ಅಂದರೆ ಹೆಚ್ಚಿನ ಸಲ ಸೀಳಿನ ಎರಡು ಬದಿಯ ಎಸಳುಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಭೂತಗನ್ನಡಿಯಲ್ಲಿ ಎದುರಿನಿಂದ ನೋಡಿ, ಇಳಿದ ಎಸಳನ್ನು ಉಗುರಿನಿಂದ ಎತ್ತಿದರೆ ಆಯಿತು. ಶಾಯಿ ಇಳಿಯದಿದ್ದರೆ ಸೀಳಿನಲ್ಲಿ ತೆಳ್ಳಗಿನ ಹಿತ್ತಾಳೆ ತಗಡು ಎಳೆಯುತ್ತೇನೆ. ಉಜ್ಜುವುದು ಕಟ್ಟಕಡೆಗೆ, ಅದೂ 12000 ನಂಬರಿನ ಮೈಕ್ರೋಮೆಶ್ ಎಂಬ ಬಹಳ ನಯವಾದ ಉಜ್ಜುವ ಹಾಳೆಯ ಮೇಲೆ ನಾಲ್ಕೈದು ಸುತ್ತು. ತುದಿಯ ಗಟ್ಟಿ ಲೋಹ ಸವೆದರೆ ವಾಪಸ್ ಬರುವುದಿಲ್ಲ.

ಇಕ್ಕಳ, ಹಿತ್ತಾಳೆ ಸರಳು ನಾಗದೇವಿ ಸ್ಟ್ರೀಟಿನಲ್ಲಿ ಸಿಕ್ಕವು. ಫೀಡು ಹೊರದೂಡಲು ಬೇಕಾದ ತೂತಿನ ಮರದ ತುಂಡನ್ನು ನಮ್ಮ ಬಡಗಿಯೇ ಕೊರೆದುಕೊಟ್ಟರು. ಕೈ ಪಳಗಿಸಲು ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ಮುರಿದ ಪೆನ್ನುಗಳನ್ನು ತನ್ನಿ. ಕ್ಲಿಪ್, ಮುಚ್ಚಳ, ಫೀಡು ಒಂದಲ್ಲ ಒಂದು ದಿನ ಬೇಕಾಗುತ್ತವೆ.

ಪೆನ್ನು ವಾಪಸ್ ಕೊಡುವ ಮುಂಚೆ ಶಾಯಿ ತುಂಬಿ ಒಂದು ದಿನ ನಾನೇ ಬಳಸುತ್ತೇನೆ. ಫಿಲ್ಲರಿನಿಂದ ನೇರ ಬ್ಯಾರಲ್ಲಿಗೇ ಶಾಯಿ ಹಾಕುವ ಪೆನ್ನಾದರೆ ಕೊಡುವಾಗ ಒಂದು ಮಾತು ಹೇಳುತ್ತೇನೆ: ಶಾಯಿ ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ತುಂಬಿಬಿಡಿ. ಅದಕ್ಕಿಂತ ಕಡಿಮೆಯಾದರೆ ಒಳಗೆ ಗಾಳಿ ಜಾಸ್ತಿ, ಕೈಯ ಬಿಸಿಗೆ ಅದು ಹಿಗ್ಗಿ ಪೆನ್ನು ಶಾಯಿ ಕಕ್ಕುತ್ತದೆ. ಇನ್ನು ಚಿತ್ರ ಬರೆಯುವ ಡ್ರಾಯಿಂಗ್ ಇಂಕ್ ಯಾವ ಕಾರಣಕ್ಕೂ ಹಾಕಬಾರದು, ಅದು ಒಣಗಿದರೆ ನೀರಿಗೆ ಕರಗುವುದಿಲ್ಲ. ಇಂಕ್ ಪೆನ್ನಿಗೆಂದೇ ಮಾಡಿದ ರಾಯಲ್ ಬ್ಲೂ ಶಾಯಿ ಹಾಕಿ, ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆಯಿರಿ.