ಹೊಲ ಇದೆ, ಸಂಬಳದ ಚೀಟಿ ಇಲ್ಲ: ರೈತ ಅಪ್ಪ-ಅವ್ವನ ವೀಸಾ ಅರ್ಜಿ ಹಾಕುವುದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಮೊಮ್ಮಗು ಹುಟ್ಟಿದೆ, "ಅವ್ವಾ, ನೀವಿಬ್ಬರೂ ಎರಡು ತಿಂಗಳು ಬಂದು ಇದ್ದು ಹೋಗ್ರಿ" ಅಂತ ಫೋನ್ ಬರುತ್ತದೆ. ಆದರೆ ವೀಸಾಗೆ ಬೇಕಾದ ಕಾಗದಗಳ ಪಟ್ಟಿ ನೋಡಿದ ಕೂಡಲೇ ಉತ್ಸಾಹ ಇಳಿದುಹೋಗುತ್ತದೆ. ಸಂಬಳದ ಚೀಟಿ, ಐಟಿ ರಿಟರ್ನ್, ಕಂಪನಿಯ ರಜೆ ಪತ್ರ ಅಂತ ಎಲ್ಲವೂ ನೌಕರಿ ಮಾಡುವವರಿಗೆ ಬರೆದಂತಿರುತ್ತದೆ. ಕಬ್ಬು, ದ್ರಾಕ್ಷಿ, ಗೋವಿನಜೋಳ ಬೆಳೆದು ಬದುಕಿದ ಅಪ್ಪನ ಹತ್ತಿರ ಇವು ಯಾವುದೂ ಇರುವುದಿಲ್ಲ. "ನಮ್ಮಂಥವರಿಗೆ ಎಲ್ಲಿ ಕೊಡ್ತಾರ" ಅಂತ ಅಲ್ಲಿಗೇ ಬಿಟ್ಟವರು ಬಹಳ ಜನ.

ಬಿಡಬೇಡಿ, ರೈತರಿಗೂ ವೀಸಾ ಸಿಗುತ್ತದೆ. ನಿಮ್ಮ ಕಾಗದ ನೋಡುವ ಅಧಿಕಾರಿಗೆ ಅಥಣಿ ಎಲ್ಲಿದೆ, ಜಮಖಂಡಿ ಎಲ್ಲಿದೆ ಗೊತ್ತಿರುವುದಿಲ್ಲ. ಅವರು ತಿಳಿಯಬೇಕಾದದ್ದು ಮೂರೇ ಮಾತು. ಯಾಕೆ ಹೋಗುತ್ತೀರಿ, ಖರ್ಚು ಯಾರದು, ತಿರುಗಿ ಬರುತ್ತೀರಾ. ಈ ಮೂರಕ್ಕೂ ಕಾಗದದ ಮೇಲೆ ಸ್ಪಷ್ಟ ಉತ್ತರ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ. ಇಲ್ಲಿ ಜರ್ಮನಿಯ ಪ್ರವಾಸಿ ವೀಸಾ, ಅಂದರೆ ಷೆಂಗನ್ ವೀಸಾವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಒಂದೇ ವೀಸಾದಲ್ಲಿ ಯುರೋಪಿನ 29 ದೇಶ ಓಡಾಡಬಹುದು. ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು.

ಮೊದಲು ಪಾಸ್‌ಪೋರ್ಟ್, ಅದಕ್ಕೂ ಮೊದಲು ಹೆಸರು

ಪಾಸ್‌ಪೋರ್ಟ್ ಇಲ್ಲದಿದ್ದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ಬೆಳಗಾವಿ ಅಥವಾ ವಿಜಯಪುರದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಇಲ್ಲವೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನಾಂಕ ತಗೊಳ್ಳಿ. ಆಮೇಲೆ ಠಾಣೆಯಿಂದ ಪರಿಶೀಲನೆಗೆ ಬರುತ್ತಾರೆ. ಇದರಲ್ಲಿ ಕಷ್ಟ ಏನಿಲ್ಲ.

ಕಷ್ಟ ಇರುವುದು ಹೆಸರಿನಲ್ಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ಭಾಗ. ಅವ್ವನಿಗಾದರೆ ತವರುಮನೆಯ ಅಡ್ಡಹೆಸರು ಒಂದು ಕಾಗದದಲ್ಲಿ, ಗಂಡನ ಮನೆಯದು ಇನ್ನೊಂದರಲ್ಲಿ ಇರುತ್ತದೆ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಬ್ಯಾಂಕಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರನ್ನೂ ಒಂದೇ ಹೆಸರಿಗೆ ತಂದುಬಿಡಿ. ಪಾಸ್‌ಪೋರ್ಟ್ ಫಾರ್ಮಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಕೆಲವು ದೇಶಗಳಲ್ಲಿ ತೊಂದರೆ ಆಗುತ್ತದೆ. ಇನ್ನು ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದ ಜೂನ್ 1 ಎಷ್ಟೋ ಹಿರಿಯರ ಜನ್ಮದಿನ ಆಗಿಬಿಟ್ಟಿದೆ, ಅದಕ್ಕೆ ಹೆದರಬೇಕಿಲ್ಲ. ಎಲ್ಲ ಕಾಗದದಲ್ಲೂ ಅದೇ ದಿನ ಇದ್ದರೆ ಸಾಕು.

ಪಾಸ್‌ಪೋರ್ಟ್ ಈಗಾಗಲೇ ಇದ್ದರೆ ಮೂರು ವಿಷಯ ನೋಡಿಕೊಳ್ಳಿ. ಅದು ಕಳೆದ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ಅಲ್ಲಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅವಧಿ ಇರಬೇಕು. ಎರಡು ಖಾಲಿ ಪುಟ ಇರಬೇಕು.

ಮಗ ಅಲ್ಲಿ ಮಾಡಬೇಕಾದ ಕೆಲಸ

ಅಪ್ಪ-ಅವ್ವನ ಖರ್ಚು ಮಗ ಅಥವಾ ಮಗಳೇ ನೋಡಿಕೊಳ್ಳುವುದಾದರೆ, ಅವರು ಇರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ, "ಇವರ ಖರ್ಚೆಲ್ಲ ನನ್ನ ಜವಾಬ್ದಾರಿ" ಎಂದು ಅಧಿಕೃತವಾಗಿ ಬರೆದುಕೊಡಬೇಕು. ಅದಕ್ಕೆ 29 ಯೂರೊ ಶುಲ್ಕ. ಕಚೇರಿಯವರು ಮಗನ ಸಂಬಳ, ಮನೆ ಎಲ್ಲ ನೋಡಿ ಪತ್ರ ಕೊಡುತ್ತಾರೆ. ಅದರ ಮೂಲ ಪ್ರತಿಯನ್ನೇ ಕೊರಿಯರ್‌ನಲ್ಲಿ ಊರಿಗೆ ಕಳಿಸಬೇಕು, ವಾಟ್ಸಾಪ್‌ನಲ್ಲಿ ಬಂದ ಫೋಟೋ ನಡೆಯುವುದಿಲ್ಲ. ಪತ್ರ ಕೊಟ್ಟ ಆರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಕೆಲವು ಊರುಗಳಲ್ಲಿ ಆ ಕಚೇರಿಯ ದಿನಾಂಕ ಸಿಗುವುದೇ ತಡ, ಹಾಗಾಗಿ ಮಗನ ಕಡೆಯಿಂದ ಈ ಕೆಲಸ ಎಲ್ಲಕ್ಕಿಂತ ಮೊದಲು ಶುರುವಾಗಲಿ. ಇದರ ಜೊತೆಗೆ ಒಂದು ಆಮಂತ್ರಣ ಪತ್ರ, ಮಗನ ಪಾಸ್‌ಪೋರ್ಟ್ ಮತ್ತು ಅಲ್ಲಿನ ವಾಸದ ಪರವಾನಗಿಯ ಪ್ರತಿ. ಮಗು ಹುಟ್ಟಿದ್ದರೆ ಅದರ ಜನನ ಪತ್ರದ ಪ್ರತಿಯೂ ಇರಲಿ, ಯಾಕೆ ಹೋಗುತ್ತೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಉತ್ತರ ಬೇರೆ ಬೇಕಾ?

ಹೊಲದ ಆದಾಯ ತೋರಿಸುವುದು

ಜಾಸ್ತಿ ಜನ ಎಡವುವುದು ಇಲ್ಲಿ. ಮಗ ಖರ್ಚು ಕೊಟ್ಟರೂ ಅಪ್ಪನಿಗೆ ಊರಲ್ಲಿ ಬದುಕು ಇದೆ ಅಂತ ತೋರಿಸಬೇಕು. ತಿರುಗಿ ಬರುತ್ತೀರಾ ಎಂಬ ಪ್ರಶ್ನೆಗೆ ಉತ್ತರ ಅದೇ.

ಮೊದಲನೆಯದು ಉತಾರ, ಅಂದರೆ ಹೊಲದ ಪಹಣಿ. ಭೂಮಿ ಪೋರ್ಟಲ್‌ನಿಂದ ಡಿಜಿಟಲ್ ಸಹಿ ಇರುವ ಹೊಸ ಪ್ರತಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಅಜ್ಜ ತೀರಿಕೊಂಡು ವರ್ಷಗಳಾದರೂ ಉತಾರ ಅವರ ಹೆಸರಿನಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಹಾಗಿದ್ದರೆ ವಾರಸಾ ಮಾಡಿಸಿ ಹೊಲವನ್ನು ನಿಮ್ಮ ಹೆಸರಿಗೆ ತಂದುಕೊಳ್ಳಿ, ಅದಕ್ಕೆ ಹೊತ್ತು ಹಿಡಿಯುವುದಾದರೆ ವಂಶಾವಳಿ ಜೊತೆಗಿಡಿ. 11ನೇ ಕಾಲಂನಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಬೆಳೆಸಾಲ ಕಂಡರೆ ಮುಚ್ಚಿಡಲು ಹೋಗಬೇಡಿ. ಬೆಳೆಸಾಲ ಯಾವ ರೈತನಿಗಿಲ್ಲ?

ಉತಾರ ಕನ್ನಡದಲ್ಲಿದೆ, ಅಧಿಕಾರಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಮೂಲದ ಪ್ರತಿಯ ಹಿಂದೆ ಪಿನ್ ಮಾಡಿ. ಅನುವಾದ ಮಾಡುವವರಿಗೆ ಒಂದು ಮಾತು ಹೇಳಿ. ಗುಂಟೆ ಅಂದರೆ ಅಲ್ಲಿ ಯಾರಿಗೂ ತಿಳಿಯದು. 40 ಗುಂಟೆಗೆ ಒಂದು ಎಕರೆ, ಸುಮಾರು ಎರಡೂವರೆ ಎಕರೆಗೆ ಒಂದು ಹೆಕ್ಟೇರ್. "6 ಎಕರೆ 20 ಗುಂಟೆ" ಎಂದಿದ್ದರೆ ಪಕ್ಕದಲ್ಲೇ "ಸುಮಾರು 2.6 ಹೆಕ್ಟೇರ್" ಅಂತ ಬರೆಯಿರಿ. ಯುರೋಪಿನವರು ಹೊಲ ಅಳೆಯುವುದು ಹೆಕ್ಟೇರ್‌ನಲ್ಲಿ.

ಎರಡನೆಯದು ಬ್ಯಾಂಕ್ ಸ್ಟೇಟ್‌ಮೆಂಟ್. ಸಾಮಾನ್ಯವಾಗಿ ಕೇಳುವುದು ಕಳೆದ ಮೂರು ತಿಂಗಳದ್ದು. ಸಂಬಳದವರಿಗೆ ಅದು ಸರಿ. ರೈತನ ಖಾತೆ ಹಾಗಿರುವುದಿಲ್ಲ ಅಲ್ವಾ? ಕಬ್ಬು ಕಾರ್ಖಾನೆಗೆ ಹೋಗುವುದು ಹಂಗಾಮಿನಲ್ಲಿ. ಬಿಲ್ಲು 14 ದಿನದೊಳಗೆ ಕೊಡಬೇಕು ಅಂತ ಕಾನೂನಿದ್ದರೂ ಎಷ್ಟೋ ಸಲ ತಡವಾಗಿ, ಕಂತಿನಲ್ಲಿ ಬರುತ್ತದೆ. ಜುಲೈನಲ್ಲಿ ಅರ್ಜಿ ಹಾಕಿದರೆ ಹಿಂದಿನ ಮೂರು ತಿಂಗಳಲ್ಲಿ ಖಾತೆಗೆ ಏನೂ ಬಂದಿರುವುದಿಲ್ಲ, ಗೊಬ್ಬರ, ಆಳಿನ ಕೂಲಿ ಅಂತ ಬರೀ ಹೋದದ್ದೇ ಕಾಣುತ್ತದೆ. ಅದಕ್ಕೇ ಕೇಳಿದ್ದಕ್ಕಿಂತ ಜಾಸ್ತಿ ಕೊಡಿ. ಪೂರ್ತಿ ಒಂದು ವರ್ಷದ ಸ್ಟೇಟ್‌ಮೆಂಟ್ ಬ್ಯಾಂಕಿನ ಸಹಿ, ಸಿಕ್ಕಾ ಹಾಕಿಸಿ ತಗೊಂಡು, ಕಾರ್ಖಾನೆಯಿಂದ ದುಡ್ಡು ಜಮಾ ಆದ ಸಾಲುಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ, ಆ ಬಿಲ್ಲಿನ ಪ್ರತಿಗಳನ್ನು ಹಿಂದೆ ಇಡಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾರಿದ ಪಟ್ಟಿ, ಇಂಡಿಯ ಲಿಂಬೆ ಬೆಳೆಗಾರರು ಎಪಿಎಂಸಿ ಪಟ್ಟಿ ಇಡಬಹುದು. ಸಹಕಾರಿ ಬ್ಯಾಂಕಿನ ಪಾಸ್‌ಬುಕ್ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಇಂಗ್ಲಿಷ್ ಸ್ಟೇಟ್‌ಮೆಂಟ್ ಕೇಳಿ.

ಐಟಿ ರಿಟರ್ನ್ ಇದ್ದರೆ ಇಡಿ. ಇಲ್ಲದಿದ್ದರೆ ಗಾಬರಿ ಬೇಡ, ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲು ಬರೆದರೆ ಸಾಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಡುವಾಗ ಮಾತ್ರ ಎಚ್ಚರ. ಹಿಂದೆ ಯಾವುದೋ ಕೆಲಸಕ್ಕೆ ಕಡಿಮೆ ಬರೆಸಿದ ಆದಾಯ ಅದರಲ್ಲಿದ್ದು, ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಕಬ್ಬಿನ ಬಿಲ್ಲು ಕಂಡರೆ ಎರಡೂ ಒಂದಕ್ಕೊಂದು ಕೂಡುವುದಿಲ್ಲ. ನಿಜವಾದ ಆದಾಯಕ್ಕೆ ಹೊಸ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಇನ್ನೊಂದು ವಿಷಯ, ದಯವಿಟ್ಟು ಇದನ್ನು ಕೇಳಿ. ಅರ್ಜಿಗೆ ಒಂದು ವಾರ ಮೊದಲು ಅಳಿಯನಿಂದಲೋ ಗೆಳೆಯನಿಂದಲೋ ಐದು ಲಕ್ಷ ಹಾಕಿಸಿಕೊಳ್ಳುವುದು ಬೇಡ. ಎಲ್ಲಿಂದ ಬಂತು ಅಂತ ತಿಳಿಯದ ದೊಡ್ಡ ಮೊತ್ತ ಅನುಮಾನ ತರುತ್ತದೆ. ಅಂಥ "ಶೋ ಮನಿ"ಯನ್ನು ಬಡ್ಡಿಗೆ ಕೊಡುವ ಏಜೆಂಟರೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ. ಇರುವ ಸಣ್ಣ ಆದಾಯವನ್ನು ನೆಟ್ಟಗೆ ತೋರಿಸುವುದು ಎಷ್ಟೋ ಮೇಲು.

ಒಂದು ಪುಟದ ಪತ್ರ

ಇದೆಲ್ಲ ಕಾಗದವನ್ನು ಜೋಡಿಸುವುದು ನೀವೇ ಬರೆಯುವ ಕವರಿಂಗ್ ಲೆಟರ್. ಸರಳ ಇಂಗ್ಲಿಷ್, ಒಂದೇ ಪುಟ. ನಾನು ರೈತ, ಇಷ್ಟು ಹೊಲ ಇದೆ, ಇಂಥ ಬೆಳೆ, ವರ್ಷಕ್ಕೆ ಇಷ್ಟು ಬರುತ್ತದೆ. ಮಗಳು ಇಂಥ ಊರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಮಗುವನ್ನು ನೋಡಲು ಇಂಥ ದಿನದಿಂದ ಇಂಥ ದಿನದವರೆಗೆ ಹೋಗುತ್ತೇವೆ. ಆಮೇಲೆ ಯಾಕೆ ಬರಲೇಬೇಕು ಎಂದು ಬರೆಯಿರಿ. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಇದೆ, ನವೆಂಬರ್‌ನಲ್ಲಿ ಕಬ್ಬು ಕಡಿಸಬೇಕು, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ದೊಡ್ಡ ಮಗ ಊರಲ್ಲೇ ಇದ್ದಾನೆ. ಇವು ನಿಮಗೆ ದಿನನಿತ್ಯದ ಮಾತು, ಆದರೆ ಅಧಿಕಾರಿಗೆ ಬೇಕಾದದ್ದು ಇವೇ. ವಾಪಸ್ ಬರುವ ದಿನವನ್ನು ಆ ಕೆಲಸಕ್ಕೆ ಹೊಂದುವಂತೆ ಇಟ್ಟರೆ ಪತ್ರಕ್ಕೆ ತೂಕ ಬರುತ್ತದೆ.

ಅರ್ಜಿ, ದಿನಾಂಕ, ಬೆರಳಚ್ಚು

ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, 15 ದಿನ ಇರುವಾಗ ಕೊನೆ. ಕೊನೆವರೆಗೆ ಕಾಯಬೇಡಿ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಅಂತಿದ್ದರೂ ಅದು 45 ದಿನಕ್ಕೆ ಹೋಗಬಹುದು, ಬೇಸಿಗೆಯಲ್ಲಿ ದಿನಾಂಕ ಸಿಗುವುದೂ ಕಷ್ಟ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಿ, ಪ್ರಿಂಟ್ ತೆಗೆದು ಸಹಿ ಮಾಡಿ. ಎರಡು ಮೂರು ದೇಶ ನೋಡುವವರು, ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುವುದಿಲ್ಲ.

ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಫೋಟೋ 35 ಗುಣಿಸು 45 ಮಿಲಿಮೀಟರ್, ಇತ್ತೀಚಿನದು. ವಿಮಾನದ ಟಿಕೆಟ್ ಬುಕಿಂಗ್ ತೋರಿಸಿದರೆ ಸಾಕು, ವೀಸಾ ಬರುವ ಮುಂಚೆ ದುಡ್ಡು ವಾಪಸ್ ಬರದ ಟಿಕೆಟ್ ಕೊಳ್ಳಬೇಡಿ.

ಕಾಗದ ಒಪ್ಪಿಸುವುದು ಹೊರಗುತ್ತಿಗೆ ಕೇಂದ್ರದಲ್ಲಿ, ಜರ್ಮನಿಗೆ ಅದು ವಿಎಫ್‌ಎಸ್. ಬೆಂಗಳೂರಿನಲ್ಲಿ ಇದೆ. ನಮ್ಮ ಕಡೆಯವರಿಗೆ ಪುಣೆ, ಗೋವಾ ಹತ್ತಿರ, ಆದರೆ ಯಾವ ದೇಶದ ಅರ್ಜಿಯನ್ನು ಯಾವ ಊರಲ್ಲಿ ತಗೊಳ್ಳುತ್ತಾರೆ, ಕರ್ನಾಟಕದ ವಿಳಾಸದವರಿಗೆ ಅಲ್ಲಿ ಅವಕಾಶ ಇದೆಯಾ ಅಂತ ಜಾಲತಾಣದಲ್ಲಿ ನೋಡಿಕೊಂಡೇ ದಿನಾಂಕ ಹಿಡಿಯಿರಿ. ಬೆಂಗಳೂರು ಆದರೆ ಬೆಳಗಾವಿಯಿಂದ ರಾಣಿ ಚೆನ್ನಮ್ಮ, ವಿಜಯಪುರ-ಬಾಗಲಕೋಟೆಯಿಂದ ಗೋಳಗುಮ್ಮಟ ರೈಲು ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಮುಟ್ಟಿಸುತ್ತವೆ. ರೈಲು ತಡವಾಗಬಹುದು, ವಯಸ್ಸಾದವರಿಗೆ ನಿದ್ದೆಯೂ ಆಗಿರುವುದಿಲ್ಲ. ಒಂದು ದಿನ ಮೊದಲೇ ಹೋಗಿ, ಇಲ್ಲವೇ ಮಧ್ಯಾಹ್ನದ ಹೊತ್ತಿನ ದಿನಾಂಕ ತಗೊಳ್ಳಿ.

ಹತ್ತೂ ಬೆರಳಿನ ಅಚ್ಚು ತಗೊಳ್ಳುತ್ತಾರೆ. ಜೀವನವಿಡೀ ಕುಡುಗೋಲು, ಸಲಿಕೆ ಹಿಡಿದ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ, ರೇಷನ್ ಅಂಗಡಿಯ ಯಂತ್ರದಲ್ಲಿ ಬೆರಳು ತಗೊಳ್ಳದೇ ಒದ್ದಾಡುವುದನ್ನು ನೋಡಿದ್ದೇವೆ. ಎರಡು ವಾರ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಆ ದಿನ ಬೆಳಿಗ್ಗೆ ಕೈ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋಗಿ. ಮದುವೆ ದಿನಗಳಲ್ಲಿ ಬೆರಳ ತುದಿಗೆ ಮೆಹಂದಿ ಬೇಡ. ಒಮ್ಮೆ ಕೊಟ್ಟ ಅಚ್ಚು 59 ತಿಂಗಳು ನಡೆಯುತ್ತದೆ.

ಕೇಂದ್ರದವರು ಕಾಗದ ತಗೊಂಡು ಕಳಿಸುವವರಷ್ಟೇ. ವೀಸಾ ಕೊಡುವುದು ಬಿಡುವುದು ಕಾನ್ಸುಲೇಟ್, ಅಂದರೆ ಆ ದೇಶದ ಸರ್ಕಾರ ಇಲ್ಲಿ ಇಟ್ಟಿರುವ ಕಚೇರಿ. "ಒಳಗೆ ನಮ್ಮವರಿದ್ದಾರೆ, ಗ್ಯಾರಂಟಿ ಮಾಡಿಸಿಕೊಡ್ತೀನಿ" ಎನ್ನುವವರ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಮೆರಿಕ ಬೇರೆ, ಗಲ್ಫ್ ಬೇರೆ

ಅಮೆರಿಕದ ಪ್ರವಾಸಿ ವೀಸಾಗೆ ಡಿಎಸ್-160 ಎಂಬ ಫಾರ್ಮ್ ಮತ್ತು 185 ಡಾಲರ್ ಅರ್ಜಿ ಶುಲ್ಕ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಶುರುವಾಗಲಿಲ್ಲ, ಹಾಗಾಗಿ ಬೆಳಗಾವಿಯವರು ನೋಡುವುದು ಮುಂಬೈ, ಹೈದರಾಬಾದ್ ಅಥವಾ ಚೆನ್ನೈ. ಇಲ್ಲಿ ಕಾಗದಕ್ಕಿಂತ ಮಾತು ಮುಖ್ಯ. ಎರಡು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಂಗ್ಲಿಷ್ ಬರದಿದ್ದರೆ ಮುಂಬೈಯಲ್ಲಿ ಹಿಂದಿ, ಮರಾಠಿ ನಡೆಯುತ್ತದೆ. ಕೇಳಿದ್ದಕ್ಕೆ ಕೇಳಿದಷ್ಟೇ, ನಿಜ ಹೇಳಿ. ಬಾಯಿಪಾಠ ಮಾಡಿಸಿ ಕಳಿಸಬೇಡಿ.

ಗಲ್ಫ್‌ಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ಇದಷ್ಟು ಗೊತ್ತಿರಲಿ. "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎಂದರೆ ಹೋಗಬೇಡಿ. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಅಲ್ಲ.

ಉತ್ತರ ಬಂದ ಮೇಲೆ

ಷೆಂಗನ್ ವೀಸಾ ತಿರಸ್ಕಾರವಾದರೆ ಕಾರಣಕ್ಕೆ ಗುರುತು ಹಾಕಿದ ಒಂದು ಹಾಳೆ ಕೊಡುತ್ತಾರೆ. ಜರ್ಮನಿ 2025ರ ಜುಲೈ 1ರಿಂದ ಮರುಪರಿಶೀಲನೆ ಕೇಳುವ ಪದ್ಧತಿ ನಿಲ್ಲಿಸಿದೆ. ಉಳಿದಿರುವುದು ಬರ್ಲಿನ್‌ನ ನ್ಯಾಯಾಲಯ ಅಥವಾ ಹೊಸ ಅರ್ಜಿ. ಸಾಮಾನ್ಯ ಕುಟುಂಬಕ್ಕೆ ಹೊಸ ಅರ್ಜಿಯೇ ಸರಿ, ಆದರೆ ಅದೇ ಕಾಗದವನ್ನು ಸುಮ್ನೆ ಮತ್ತೆ ಕೊಡಬೇಡಿ. ಆ ಹಾಳೆಯಲ್ಲಿ ಏನಕ್ಕೆ ಗುರುತು ಬಿದ್ದಿದೆಯೋ ಅದನ್ನು ಸರಿಮಾಡಿ, ಹಿಂದೆ ತಿರಸ್ಕಾರವಾದದ್ದನ್ನೂ ಮುಚ್ಚಿಡದೇ ಬರೆಯಿರಿ.

ವೀಸಾ ಬಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯನ್ನು ಅಲ್ಲೇ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯಾ ನೋಡಿ. ಅದರಲ್ಲಿ ಎಂದಿನಿಂದ ಎಂದಿನವರೆಗೆ ಎಂದು ಎರಡು ದಿನಾಂಕ ಇರುತ್ತವೆ, ಎಷ್ಟು ದಿನ ಇರಬಹುದು ಎಂಬುದು ಬೇರೆಯೇ ಜಾಗದಲ್ಲಿ ಇರುತ್ತದೆ. ದಿನಾಂಕಗಳ ನಡುವೆ 75 ದಿನ ಇದ್ದು, ಇರುವ ದಿನ 60 ಎಂದಿದ್ದರೆ 60 ದಿನ ಮಾತ್ರ ಇರಬಹುದು, ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಹೊರಡುವಾಗ ವಿಮೆ, ಆಮಂತ್ರಣ ಪತ್ರ, ಮಗಳ ವಿಳಾಸ ಮತ್ತು ಫೋನ್ ನಂಬರನ್ನು ಅವ್ವನ ಕೈಚೀಲದಲ್ಲಿಡಿ, ದೊಡ್ಡ ಬ್ಯಾಗಿನಲ್ಲಿ ಅಲ್ಲ. ಇಳಿದ ಕೂಡಲೇ ಗಡಿ ಅಧಿಕಾರಿ ಕೇಳುವುದು ಅವನ್ನೇ.