ಎರೆ ಮಣ್ಣು ಬಿರಿದಾಗ ನೆಲದೊಳಗಿನ ಪೈಪು ಒಡೆದರೆ

ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ನಮ್ಮ ಗೇಟಿನ ಬದಿಯ ಫರಸಿ ಸಂದಿಯಲ್ಲಿ ಹಸಿ ಕಾಣಿಸಿತು. ಪ್ಲಂಬರ್ ಬಂದ, "ಇಲ್ಲೇ ಐತ್ರಿ ಅಣ್ಣಾರ" ಅಂದ, ಫರಸಿ ಕಿತ್ತು ಎರಡಡಿ ಅಗೆದ. ಪೈಪು ನೆಟ್ಟಗಿತ್ತು. ಒಡೆದಿದ್ದು ಒಂಬತ್ತು ಅಡಿ ಆಚೆ, ನೆಲದ ಟಾಕಿಯ ಗೋಡೆಯೊಳಗೆ ಪೈಪು ನುಗ್ಗುವ ಜಾಗದಲ್ಲಿ. ಎರೆ ಮಣ್ಣಿನ ಬಿರುಕು ಹಿಡಿದು ನೀರು ಅಲ್ಲಿಂದ ಇಲ್ಲಿಗೆ ಬಂದಿತ್ತು.

ಲಡಾಖಿನಲ್ಲಿ ಚಳಿಗೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ, ಶೇ 9ರಷ್ಟು ಹಿಗ್ಗಿ ಪೈಪನ್ನು ಸೀಳುತ್ತದೆ. ವಿಜಯಪುರದಲ್ಲಿ ಆ ಕೆಲಸವನ್ನು ಮಣ್ಣೇ ಮಾಡುತ್ತದೆ. ಮಳೆಗೆ ಉಬ್ಬುವ ಎರೆ ಚಳಿಗಾಲ ಮುಗಿಯುತ್ತಲೇ ಒಣಗಿ ಬಿರಿಯತೊಡಗುತ್ತದೆ. ಮನೆಯ ಪಾಯ ಅಲುಗದು, ಮಣ್ಣು ಸರಿಯುತ್ತದೆ, ನಡುವೆ ಸಿಕ್ಕ ಪೈಪು ಜಾಯಿಂಟಿನಲ್ಲಿ ಬಿಡುತ್ತದೆ. 1651ರ ಬೇಗಂ ತಲಾಬ್ ಕೆರೆಯಿಂದ ಊರಿಗೆ ನೀರು ತಂದವರು ಮಣ್ಣಿನ ಕೊಳವೆಗಳ ಸುತ್ತ ಗಾರೆ ಕಟ್ಟಡ ಕಟ್ಟಿದ್ದರು, ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರ ನಿಲ್ಲಿಸಿದ್ದರು. ನಾವು ಪ್ಲಾಸ್ಟಿಕ್ ಪೈಪನ್ನು ಬರೀ ಎರೆಯಲ್ಲಿ ಹೂತು ಮೇಲೆ ಫರಸಿ ಹಾಸುತ್ತೇವೆ.

ಗುದ್ದಲಿ ಹಿಡಿಯುವ ಮೊದಲು ಯಾವ ಲೈನು ಸೋರುತ್ತಿದೆ ಎಂದು ತಿಳಿಯಬೇಕು. ಮನೆಯಲ್ಲಿ ಇರುವುದು ಎರಡೇ: ಮೀಟರಿನಿಂದ ನೆಲದ ಟಾಕಿಗೆ ಒಂದು, ಟಾಕಿಯಿಂದ ಮಾಳಿಗೆಗೆ ಇನ್ನೊಂದು. ಮೀಟರಿನ ಆಚೆ ರಸ್ತೆಯಲ್ಲಿ ಸೋರುತ್ತಿದ್ದರೆ ಪಾಲಿಕೆಗೆ ದೂರು ಕೊಡಿ, ನೀವೇ ಅಗೆಯಬೇಡಿ.

ನಳದ ನೀರು ಬಿಟ್ಟಾಗ ಟಾಕಿ ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡನ್ನು (ಬಾಲ್‌ಕಾಕ್) ಎತ್ತಿ ದಾರದಿಂದ ಕಟ್ಟಿ, ಉಳಿದ ನಳಗಳನ್ನೂ ಮುಚ್ಚಿ. ನೀರು ಹೋಗಲು ಎಲ್ಲೂ ದಾರಿಯಿಲ್ಲ. ಆದರೂ ಮೀಟರಿನ ಸಣ್ಣ ಚಕ್ರ ತಿರುಗುತ್ತಿದ್ದರೆ ಮೊದಲ ಲೈನು ಒಡೆದಿದೆ. ಹತ್ತು ನಿಮಿಷಕ್ಕೆ ಒಂದು ಲೀಟರ್ ಓಡಿದರೂ ದಿನವಿಡೀ ನೀರು ಬರುವ ಮನೆಯಲ್ಲಿ 144 ಲೀಟರ್ ನೆಲಕ್ಕೆ ಹೋಗುತ್ತದೆ. ಮೋಟಾರ್ ಓಡುವಾಗ ಮಾತ್ರ ಹಸಿ ಹೆಚ್ಚಾದರೆ ಎರಡನೆಯದರ ಮೇಲೆ ಅನುಮಾನ ಇರಲಿ. ಎರಡೂ ಸರಿಯಿದ್ದರೆ ಟಾಕಿಯನ್ನೇ ನೋಡಿ: ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬಳಸದೆ ಬಿಟ್ಟು ಬೆಳಿಗ್ಗೆ ಅಳೆಯಿರಿ. ಆರಡಿ-ಐದಡಿಯ ಟಾಕಿಯಲ್ಲಿ ಒಂದಿಂಚು ಇಳಿದರೆ ಸುಮಾರು 70 ಲೀಟರ್ ಹೋಯಿತು.

ಜಾಗ ಹುಡುಕಲು ಓಣಿ ಮಲಗಿದ ಹೊತ್ತು ಒಳ್ಳೆಯದು. ಹಾರೆಯ ಒಂದು ತುದಿಯನ್ನು ಪೈಪಿಗೋ ವಾಲ್ವಿಗೋ ತಾಗಿಸಿ ಇನ್ನೊಂದಕ್ಕೆ ಕಿವಿಯಿಡಿ. ಸುಂಯ್ ಅನ್ನುವ ಸದ್ದು ಎಲ್ಲಿ ಜೋರೋ ಅಲ್ಲಿಗೆ ಹತ್ತಿರವಾಗಿದ್ದೀರಿ. ಆಮೇಲೂ ಗೊಂದಲವಿದ್ದರೆ ಪೈಪು ಟಾಕಿಯ ಗೋಡೆಗೂ ಮನೆಯ ಪಾಯಕ್ಕೂ ಸೇರುವ ಜಾಗವನ್ನೇ ಮೊದಲು ಅಗೆಯಿರಿ. ಹಸಿ ಕಂಡಲ್ಲಿ ಅಗೆದರೆ ನನ್ನ ಫರಸಿಯ ಗತಿ.

ಅಗೆಯುವ ಮೊದಲು ಮೋಟಾರಿನ ಮೇನ್ ಸ್ವಿಚ್ ಆಫ್ ಮಾಡಿ, ವೈರ್ ಅದೇ ತೋಡಿನಲ್ಲಿ ಇರಬಹುದು. ಪೈಪು ಸಮೀಪಿಸಿದ ಮೇಲೆ ಹಾರೆ ಬೇಡ, ಕುರ್ಪಿಯಿಂದ ಮಣ್ಣು ಕೆರೆಯಿರಿ. ಒಡೆದ ಭಾಗದ ಸುತ್ತ ಒಂದಡಿ ಅಗಲ ಖಾಲಿ ಮಾಡಿದರೆ ಕೈಯಾಡುತ್ತದೆ.

ಪೈಪಿನ ಜಾತಿ ನೋಡಿ ರಿಪೇರಿ ಮಾಡಿ. ಪಿವಿಸಿಯಾದರೆ ಸೀಳಿದ ತುಂಡನ್ನು ನೆಟ್ಟಗೆ ಕತ್ತರಿಸಿ ತೆಗೆದು, ಹೊಸ ತುಂಡನ್ನು ಕಪ್ಲಿಂಗ್ ಮತ್ತು ಸಾಲ್ವೆಂಟ್‌ನಿಂದ ಕೂರಿಸಬೇಕು. ಪೈಪು ಒದ್ದೆಯಿದ್ದರೆ ಸಾಲ್ವೆಂಟ್ ಹಿಡಿಯುವುದಿಲ್ಲ. ವಾಲ್ವ್ ಮುಚ್ಚಿ, ನೀರು ಬಸಿದು, ಬಟ್ಟೆಯಿಂದ ಒರೆಸಿ. ಕರಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪಿಗೆ ಸಾಲ್ವೆಂಟ್ ಅಂಟುವುದೇ ಇಲ್ಲ, ತಿರುಗಿಸಿ ಬಿಗಿಯುವ ಕಂಪ್ರೆಶನ್ ಕಪ್ಲಿಂಗ್ ತನ್ನಿ. ತುಕ್ಕು ತಿಂದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ತೇಪೆ ಹಾಕುತ್ತ ಕೂರುವುದಕ್ಕಿಂತ ಇಡೀ ಲೈನು ಬದಲಿಸುವುದೇ ಲೇಸು. ಸೈಕಲ್ ಟ್ಯೂಬ್ ಸುತ್ತುವುದು ಒಂದು ರಾತ್ರಿಯ ಉಪಾಯ, ಅಷ್ಟೇ.

ಇನ್ನು ಪ್ಲಂಬರ್ ಅವಸರ ಮಾಡುವ ಕೆಲಸ: ಗುಂಡಿ ಮುಚ್ಚುವುದು. ತೆಗೆದ ಎರೆಯನ್ನೇ ಮತ್ತೆ ತುಂಬಿದರೆ ಮುಂದಿನ ವರ್ಷ ಮತ್ತೆ ಕರೆಯಬೇಕಾಗುತ್ತದೆ. ಮೊದಲು ನೀರು ಬಿಟ್ಟು ಜಾಯಿಂಟ್ ನೋಡಿ. ಆಮೇಲೆ ಪೈಪಿನ ಕೆಳಗೆ ನಾಲ್ಕಿಂಚು ಉಸುಕು, ಮೇಲೆ ಆರಿಂಚು ಉಸುಕು, ಅದರ ಮೇಲೆ ಗರಸು. ಎರೆಯನ್ನು ಗಿಡಗಳಿಗೆ ಹಾಕಿ. ಪೈಪು ಗೋಡೆ ದಾಟುವಲ್ಲಿ ಅದಕ್ಕಿಂತ ದಪ್ಪ ಪೈಪಿನ ತುಂಡೊಂದನ್ನು ಕವಚವಾಗಿ ಕೂರಿಸಿ, ನೀರಿನ ಪೈಪನ್ನು ಅದರೊಳಗಿಂದ ತೂರಿಸಿ, ಸಂದಿಗೆ ಮೆತ್ತನೆಯದೇನಾದರೂ ತುರುಕಿ. ಸಿಮೆಂಟ್ ಬೇಡ. ಮಣ್ಣು ಸರಿದಾಗ ಪೈಪಿಗೂ ಅರ್ಧ ಇಂಚು ಅಲುಗಾಡಲು ಜಾಗ ಸಿಗುತ್ತದೆ. ನಮ್ಮಲ್ಲಿ ಈ ಕವಚವಿರಲಿಲ್ಲ.

ನಳ ಬಂದ್ ಆದಾಗ ಒಡಕಿನಿಂದ ಕೊಳೆ ನೀರು ಪೈಪಿನೊಳಗೆ ನುಗ್ಗಿರಬಹುದು. ಆದ್ದರಿಂದ ರಿಪೇರಿಯಾದ ಮೇಲೆ ಮೊದಲ ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಿ. ಟಾಕಿಯ ನೀರು ಕಲಕಿದ್ದರೆ ಖಾಲಿ ಮಾಡಿ ತೊಳೆಯಿರಿ. ಹೊಸದಾಗಿ ತುಂಬಿದ ತಿಳಿ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ಬಕೆಟ್ಟಿನಲ್ಲಿ ಕದಡಿ, ತಳ ಕೂತ ಸುಣ್ಣ ಬಿಟ್ಟು ಮೇಲಿನ ತಿಳಿ ಮಾತ್ರ ಸುರಿದು, ಒಂದು ತಾಸು ಬಿಟ್ಟು ಬಳಸಿ.

ಗುಂಡಿ ಮುಚ್ಚುವ ಮೊದಲು ಗೋಡೆಯಿಂದ ಪೈಪಿಗೆ ಎಷ್ಟು ಅಡಿ ಎಂದು ಟೇಪಿಟ್ಟು ಅಳೆದು, ಫೋಟೊ ತೆಗೆದುಕೊಳ್ಳಿ. ನಾನು ಅಳತೆಯನ್ನು ಮೀಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಪೇಂಟಿನಲ್ಲಿ ಬರೆದಿದ್ದೇನೆ: ಗೋಡೆಯಿಂದ ಎರಡಡಿ, ಆಳ ಒಂದೂವರೆ.